ದಡ ಬಿಡುವ ಮುನ್ನ

ಸಮುದ್ರದ ವಿಚಾರವಾಗಿ ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬಯಲುಸೀಮೆಯವನು. ನಮ್ಮೂರಿನವರಿಗೆ ತಿಳಿದಿದ್ದ ದೊಡ್ಡ ಜಲರಾಶಿಯೆಂದರೆ ಊರ ಮುಂದಿನ ಕೆರೆ; ಅದೂ ಮೂರು ವರ್ಷಕ್ಕೊಮ್ಮೆ ತುಂಬಿದರೆ ಪುಣ್ಯ. ಸಮುದ್ರವನ್ನು ಕಣ್ಣಾರೆ ಕಂಡಾಗ ನನಗೆ ಇಪ್ಪತ್ತೆರಡು ವರ್ಷ. ಎಂ.ಎ. ತರಗತಿಯ ಪ್ರವಾಸದಲ್ಲಿ ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ಹೋಗುವ ದೋಣಿಯನ್ನು ಹತ್ತಿ, ಅರ್ಧ ಗಂಟೆಯ ಆ ಯಾನದಲ್ಲಿ ಬೆಳಗಿನ ಇಡ್ಲಿಯನ್ನೆಲ್ಲ ವರುಣನಿಗೆ ಒಪ್ಪಿಸಿ, ದಡ ಮುಟ್ಟಿದೊಡನೆ ಕಲ್ಲಿನ ಮೇಲೆ ಮಲಗಿಬಿಟ್ಟವನು ನಾನು. ಅಂಥವನು ಈಗ ಎರಡು ವರ್ಷದಿಂದ, ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ, ಸಣ್ಣ ಹಾಯಿದೋಣಿಗಳನ್ನು ಸಜ್ಜುಗೊಳಿಸಿಕೊಂಡು ಪಾಲಿನೇಷ್ಯದ ದೂರದ ದ್ವೀಪಗಳಲ್ಲಿ ಅಲೆದವರ ಪುಸ್ತಕಗಳನ್ನು ಓದುತ್ತ ಕೂಡುತ್ತಾನೆಂದರೆ ವಾಚಕರಿಗೆ ನಗು ಬಂದೀತು. “ಎಲ್ಲಿಯತನಕ ಬಂತು ನಿಮ್ಮ ಹಡಗು?” ಎಂದು ನನ್ನ ಹೆಂಡತಿಯೂ ಕೇಳುತ್ತಾಳೆ. ಮಗಳ ಕಾಲೇಜಿನ ಶುಲ್ಕ ಕಟ್ಟುವ ದಿನ ಹತ್ತಿರವಾದಾಗ ಈ ಪ್ರಶ್ನೆ ಇನ್ನಷ್ಟು ಹರಿತವಾಗಿರುತ್ತದೆ.

ಈ ಹುಚ್ಚು ಹತ್ತಿದ್ದು ತರಗತಿಯಲ್ಲಿ. ಅಡಿಗರ ‘ಮೋಹನ ಮುರಳಿ’ಯನ್ನು ಪಾಠ ಮಾಡುತ್ತಿದ್ದೆ. ಮನೆಯ ಸುಖದ ನಡುವೆ ಕುಳಿತವನನ್ನು ದೂರದ ತೀರ ಏಕೆ ಕರೆಯುತ್ತದೆಂಬುದನ್ನು ಹೇಳುತ್ತ ಹೇಳುತ್ತ ನನಗೇ ತುಸು ಆವೇಶ ಬಂದಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಆ ತೀರಕ್ಕೆ ಹೋದವರು ಮನೆಯಲ್ಲಿ ಹೇಳಿ ಹೋಗಿದ್ದರೇ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಗಂಟೆ ಬಾರಿಸಿತು. ಆದರೆ ಆಕೆ ನಗಿಸುವುದಕ್ಕಾಗಿ ಕೇಳಿರಲಿಲ್ಲ. ಆಕೆಯ ಮುಖವನ್ನು ನೋಡಿದ ನನಗೆ ಅದು ಗೊತ್ತಾಗಿತ್ತು, ನಕ್ಕದ್ದಕ್ಕೆ ನಾಚಿಕೆಯಾಯಿತು.

ಆ ಪ್ರಶ್ನೆ ನನ್ನನ್ನು ಬಿಡದೆ ಕಾಡಿದ್ದಕ್ಕೆ ಬೇರೊಂದು ಕಾರಣವಿದೆ. ನನಗೆ ಹನ್ನೆರಡು ವರ್ಷವಿದ್ದಾಗ ನನ್ನ ಸೋದರಮಾವ ಒಂದು ಬೆಳಗಿನ ಜಾವ ಕೈಚೀಲವೊಂದನ್ನು ಹಿಡಿದು ಮನೆ ಬಿಟ್ಟು ಹೋದರು. ಎಂಟು ತಿಂಗಳ ಮೇಲೆ ಹರಿದ್ವಾರದಿಂದ ಒಂದು ಕಾರ್ಡು ಬಂತು. ಐದು ವರ್ಷದ ಮೇಲೆ, ಅವರು ತೀರಿಕೊಂಡರೆಂದು ಅಲ್ಲಿಯ ಯಾರೋ ಪುಣ್ಯಾತ್ಮರು ಬರೆದರು. ನಮ್ಮ ಅಜ್ಜಿ ಕೊನೆಯತನಕ, “ನನ್ನ ಮಗ ವಿರಕ್ತನಾದ, ವಂಶಕ್ಕೆ ಪುಣ್ಯ ತಂದ” ಎನ್ನುತ್ತಿದ್ದರು. ನನ್ನ ತಾಯಿ ಏನನ್ನೂ ಹೇಳುತ್ತಿರಲಿಲ್ಲ. ತಿಂಗಳ ಮೊದಲ ವಾರದಲ್ಲಿ ಒಂದು ಲಕೋಟೆಯಲ್ಲಿ ಏನೋ ಇಟ್ಟು ಅತ್ತೆಯ ಮನೆಗೆ ನನ್ನ ಕೈಲಿ ಕಳುಹಿಸುತ್ತಿದ್ದರು. ಅತ್ತೆ ಹಪ್ಪಳ ಸಂಡಿಗೆ ಮಾಡಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದರು. ಮಾವನ ವೈರಾಗ್ಯವನ್ನು ಕುರಿತು ಮನೆಯಲ್ಲಿ ಮಾತುಕತೆ ನಡೆದಾಗಲೆಲ್ಲ ಒಣಗಿದ ಹಪ್ಪಳವನ್ನು ಎಣಿಸುತ್ತಿದ್ದ ಅತ್ತೆಯ ಬೆರಳುಗಳೇ ನನ್ನ ಕಣ್ಣಿಗೆ ಕಟ್ಟುತ್ತವೆ.

ಎಲ್ಲವನ್ನೂ ಬಿಟ್ಟು ಹೋಗುವುದು ತನ್ನಷ್ಟಕ್ಕೆ ತಾನೇ ಒಂದು ಹಿರಿದಾದ ಕೆಲಸವೇ? ತ್ಯಾಗಕ್ಕೂ ಪಲಾಯನಕ್ಕೂ ನಡುವಣ ಗೆರೆ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಸಂನ್ಯಾಸಿಗಳಲ್ಲಿ ಹುಡುಕುವುದು ಕಷ್ಟ. ಅವರು ದಿನಚರಿ ಬರೆದಿಡುವವರಲ್ಲ. ನಾವಿಕರು ಬರೆಯುತ್ತಾರೆ. ದಿನದಿನದ ಗಾಳಿ, ನೀರು, ಅಂತರಂಗದ ಹೊಯ್ದಾಟ ಎಲ್ಲವೂ ಅವರ ಪುಸ್ತಕಗಳಲ್ಲಿ ಉಂಟು. ಆದ್ದರಿಂದ ನಾನು ಅವರ ಬೆನ್ನು ಹತ್ತಿದೆ.

ದೂರದ ದ್ವೀಪಗಳಿಗೆ ಹೊರಡುವವನು ಮೊದಲು ಮಾಡಬೇಕಾದ ಕೆಲಸ ಕಾವ್ಯಮಯವಾದುದೇನಲ್ಲ. ದೋಣಿಯನ್ನು ನೀರಿನಿಂದ ಮೇಲಕ್ಕೆಳೆದು, ಅದರ ತಳಕ್ಕೆ ಅಂಟಿದ ಚಿಪ್ಪುಜೀವಿಗಳನ್ನು ಕೆರೆದು ತೆಗೆಯಬೇಕು. ಮರದ ದೋಣಿಯಾದರೆ ಮರ ಕೊರೆಯುವ ಸಮುದ್ರದ ಹುಳುವಿನಿಂದ ಅದನ್ನು ಕಾಪಾಡಲು ವಿಷದ ಬಣ್ಣ ಬಳಿಯಬೇಕು, ಇಲ್ಲವೇ ಹಿಂದಿನವರಂತೆ ತಾಮ್ರದ ತಗಡು ಹೊದಿಸಬೇಕು. ಕೂವೆಮರವನ್ನು ಹಿಡಿದು ನಿಲ್ಲಿಸುವ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಪಾಲಿನೇಷ್ಯದ ಹವಳದ ನೆಲದಲ್ಲಿ ಲಂಗರಿನ ಹಗ್ಗ ಕೊಯ್ದುಹೋಗುವುದರಿಂದ ಕಬ್ಬಿಣದ ಸರಪಳಿಯೇ ಬೇಕು. ಗೆಲಾಪಗೋಸ್‌ನಿಂದ ಮಾರ್ಕೇಸಸ್ ದ್ವೀಪಗಳಿಗೆ ಸುಮಾರು ೩೦೦೦ ನಾವಿಕ ಮೈಲಿ. ಸಣ್ಣ ದೋಣಿಗೆ ಮೂರು ನಾಲ್ಕು ವಾರದ ದಾರಿ. ಅಷ್ಟು ದಿನಕ್ಕೆ ಕುಡಿಯುವ ನೀರನ್ನು ತಲೆಗೆ ಇಷ್ಟೆಂದು ಅಳೆದು ತುಂಬಬೇಕು. ಮೊಟ್ಟೆಗಳಿಗೆ ವ್ಯಾಸಲೀನು ಸವರಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಡಬ್ಬಿಗಳ ಮೇಲಿನ ಕಾಗದವನ್ನು ಕಿತ್ತು ಹೆಸರನ್ನು ಬಣ್ಣದಲ್ಲಿ ಬರೆಯಬೇಕು. ಇಲ್ಲದಿದ್ದರೆ ತಳದ ನೀರಿನಲ್ಲಿ ಕಾಗದ ನೆನೆದು ಕಳಚಿ, ನೀರೆತ್ತುವ ಪಂಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಒಳಕ್ಕೆ ತರಲೇಬಾರದು. ಅದರ ಮಡಿಕೆಗಳಲ್ಲಿ ಜಿರಲೆಯ ಮೊಟ್ಟೆ ಬರುತ್ತದೆ.

ಕಾಲದ ಲೆಕ್ಕವೂ ಅಷ್ಟೇ ಕಟ್ಟುನಿಟ್ಟು. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತವನ್ನು ನಂಬಿ ಹೊರಡುವವರು ಅದನ್ನು ಬಿಟ್ಟು ಮಿಕ್ಕ ತಿಂಗಳುಗಳನ್ನು ನೋಡಿಕೊಳ್ಳಬೇಕು. ಜಿ.ಪಿ.ಎಸ್. ಇಲ್ಲದಿದ್ದ ಕಾಲದಲ್ಲಿ ಸೆಕ್ಸ್ಟಂಟು ಮತ್ತು ಗಡಿಯಾರ ಇವೆರಡೇ ದಿಕ್ಕು. ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ದೋಣಿಯ ಸ್ಥಾನ ಒಂದು ಮೈಲಿ ತಪ್ಪುತ್ತದೆ. ಟುವಮೋಟು ದ್ವೀಪಗಳಿಗೆ ಹಿಂದಿನ ನಾವಿಕರು ‘ಅಪಾಯದ ದ್ವೀಪಸಮೂಹ’ ಎಂದು ಹೆಸರಿಟ್ಟಿದ್ದರು. ಅವು ಬೆಟ್ಟಗಳಲ್ಲ, ನೀರಿಗಿಂತ ಒಂದೆರಡು ಆಳೆತ್ತರವಿರುವ ಹವಳದ ಬಳೆಗಳು. ಏಳೆಂಟು ಮೈಲಿ ಹತ್ತಿರ ಬರುವ ತನಕ ತೆಂಗಿನ ತಲೆಗಳು ಕೂಡ ಕಾಣುವುದಿಲ್ಲ. ರಾತ್ರಿ ಬಂದರೆ ಕಾಣುವ ಬದಲು ಕೇಳಿಸುತ್ತವೆ. ಅಲೆ ಒಡೆಯುವ ಸದ್ದು ಕಿವಿಗೆ ಬಿದ್ದಾಗ ಎಷ್ಟೋ ದೋಣಿಗಳಿಗೆ ಹೊತ್ತು ಮೀರಿರುತ್ತಿತ್ತು.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ಹಿಡಿಸಿದ್ದು ಈ ಸನ್ನಾಹದಲ್ಲಿರುವ ಒಂದು ಪ್ರಾಮಾಣಿಕತೆ. ಮನೆಯಲ್ಲಿ ನಮಗೆ ನಿಜವಾಗಿ ಏನು ಬೇಕೆಂಬುದು ಗೊತ್ತಾಗುವುದೇ ಇಲ್ಲ. ಅಟ್ಟದ ಮೇಲಿನ ಸಾಮಾನು ಯಾರನ್ನೂ ಮುಳುಗಿಸುವುದಿಲ್ಲವಷ್ಟೆ! ದೋಣಿಯಲ್ಲಿ ಒಂದೊಂದು ವಸ್ತುವೂ ತನ್ನ ತೂಕಕ್ಕೆ ಸಮಜಾಯಿಷಿ ಕೊಡಬೇಕು. ಭಾರ ಇಳಿದಷ್ಟೂ ದೋಣಿ ಅಲೆಯ ಮೇಲೆ ಹಗುರಾಗಿ ಏಳುತ್ತದೆ. ಅಪರಿಗ್ರಹವನ್ನು ಕುರಿತು ನಾನು ತರಗತಿಯಲ್ಲಿ ಮಾಡುವ ಉಪನ್ಯಾಸಕ್ಕಿಂತ ಇದು ಮೇಲಾದ ಪಾಠವೆನ್ನಿಸಿತು.

ಈ ಪಾಠವನ್ನು ತುತ್ತತುದಿಗೆ ಒಯ್ದವನು ಬರ್ನಾರ್ ಮ್ವಾತೆಸಿಯೆ ಎಂಬ ಫ್ರೆಂಚ್ ನಾವಿಕ. ೧೯೨೫ರಲ್ಲಿ ಹನೋಯಿಯಲ್ಲಿ ಹುಟ್ಟಿ, ಆಗಿನ ಇಂಡೋಚೀನಾದಲ್ಲಿ ಬೆಳೆದವನು. ಎರಡು ದೋಣಿಗಳನ್ನು ಬಂಡೆಗಳಿಗೆ ಕಳೆದುಕೊಂಡ ಮೇಲೆ ಅವನು ಕಟ್ಟಿಸಿದ ಮೂರನೆಯದು ಉಕ್ಕಿನ ದೋಣಿ. ಒಂಟಿಯಾಗಿ ಭೂಮಿಯನ್ನು ಮೊದಲು ಸುತ್ತಿದ ಜೋಶುವಾ ಸ್ಲೋಕಮ್‌ನ ನೆನಪಿಗೆ ಅದಕ್ಕೆ ‘ಜೋಶುವಾ’ ಎಂದು ಹೆಸರಿಟ್ಟ. ೧೯೬೫ರ ನವೆಂಬರಿನಲ್ಲಿ ಟಹೀಟಿಯ ನೆರೆಯ ಮೊರೆಯಾ ದ್ವೀಪದಿಂದ ಹೊರಟು, ಹಾರ್ನ್ ಭೂಶಿರವನ್ನು ಬಳಸಿ, ೧೨೬ ದಿನ ಎಲ್ಲಿಯೂ ನಿಲ್ಲದೆ ಸ್ಪೇನಿಗೆ ಬಂದ. ಆ ಯಾನದಲ್ಲಿ ಅವನೊಡನೆ ಇದ್ದವಳು ಅವನ ಹೆಂಡತಿ ಫ್ರಾನ್ಸ್ವಾಸ್. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

೧೯೬೮ರಲ್ಲಿ ಲಂಡನ್ನಿನ ಒಂದು ಪತ್ರಿಕೆ ಒಂದು ಪಂದ್ಯವನ್ನು ಸಾರಿತು: ಒಬ್ಬನೇ, ಎಲ್ಲಿಯೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬರಬೇಕು. ಮೊದಲು ಬಂದವನಿಗೆ ಚಿನ್ನದ ಗೋಳ, ಅತಿ ಶೀಘ್ರವಾಗಿ ಬಂದವನಿಗೆ ೫೦೦೦ ಪೌಂಡು. ಒಂಬತ್ತು ಮಂದಿ ಹೊರಟರು. ಮ್ವಾತೆಸಿಯೆ ಆಗಸ್ಟ್ ೨೨ರಂದು ಪ್ಲಿಮತ್‌ನಿಂದ ಹೊರಟ. ಹೊರಡುವ ಮೊದಲೂ ಹೊರಟ ಮೇಲೂ ಭಾರ ಇಳಿಸುವುದೇ ಅವನ ಕೆಲಸವಾಗಿತ್ತು. ಪತ್ರಿಕೆಯವರು ಕೊಡಬಂದ ರೇಡಿಯೋ ಯಂತ್ರವನ್ನೂ ಅವನು ಒಲ್ಲೆನೆಂದ. ಹೇಳಬೇಕಾದದ್ದೇನಾದರೂ ಇದ್ದರೆ ಚೀಟಿ ಬರೆದು ಫಿಲ್ಮಿನ ಡಬ್ಬಿಯಲ್ಲಿ ಹಾಕಿ, ಎದುರಾದ ಹಡಗಿನ ಮೇಲಕ್ಕೆ ಕವಣೆಯಿಂದ ಹೊಡೆಯುತ್ತಿದ್ದ. ೧೯೬೯ರ ಫೆಬ್ರವರಿಯಲ್ಲಿ ಹಾರ್ನ್ ಭೂಶಿರವನ್ನು ದಾಟಿದ. ಇನ್ನು ಅಟ್ಲಾಂಟಿಕ್ ಸಾಗರವನ್ನು ಏರಿ ಹೋದರೆ ಮನೆ. ಶೀಘ್ರ ಯಾನದ ಬಹುಮಾನ ಅವನಿಗೇ ದಕ್ಕಬಹುದೆಂದು ಬಲ್ಲವರು ಹಲವರು ಎಣಿಸಿದ್ದರು. ಅವನು ಉತ್ತರಕ್ಕೆ ತಿರುಗಲಿಲ್ಲ; ಪೂರ್ವಕ್ಕೇ ಹೋದ. ಮಾರ್ಚಿಯಲ್ಲಿ ಕೇಪ್‌ಟೌನಿನ ಬಳಿ ಒಂದು ಹಡಗಿನ ಮೂಲಕ ಪತ್ರಿಕೆಗೆ ಸುದ್ದಿ ಕಳುಹಿಸಿದ: ಸಮುದ್ರದಲ್ಲಿ ತಾನು ಸುಖವಾಗಿರುವುದರಿಂದಲೂ, ಪ್ರಾಯಶಃ ತನ್ನ ಆತ್ಮದ ಉಳಿವಿಗಾಗಿಯೂ, ತಾನು ನಿಲ್ಲದೆ ಪೆಸಿಫಿಕ್‌ನ ದ್ವೀಪಗಳ ಕಡೆಗೆ ಹೋಗುತ್ತಿರುವುದಾಗಿ. ಜೂನ್ ೨೧ರಂದು, ಹತ್ತು ತಿಂಗಳ ಮೇಲೆ, ಭೂಮಿಯನ್ನು ಒಂದೂವರೆ ಸಲ ಸುತ್ತಿದಂತಾಗಿ, ಟಹೀಟಿಯಲ್ಲಿ ಲಂಗರು ಹಾಕಿದ.

ಇದನ್ನು ಮೊದಲು ಓದಿದ ರಾತ್ರಿ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಹಣ, ಕೀರ್ತಿ ಎರಡೂ ಕೈಗೆ ಎಟಕುವ ಹೊತ್ತಿಗೆ ಬೆನ್ನು ತಿರುಗಿಸಿ ಹೋಗುವುದೆಂದರೆ ಸಾಮಾನ್ಯವೇ? ಬಡ್ತಿಯ ಪಟ್ಟಿಯಲ್ಲಿ ಹೆಸರು ಒಂದು ಸಾಲು ಕೆಳಗಾದರೆ ನಿದ್ದೆಗೆಡುವ ನನ್ನಂಥವನಿಗೆ ಅದು ಮಹಾತ್ಮರ ಕೆಲಸವಾಗಿ ಕಂಡಿತು. ಅದೇ ಪಂದ್ಯದಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ಇನ್ನೊಬ್ಬನಿದ್ದ. ಸಾಲ ಮಾಡಿ, ಸನ್ನಾಹ ಮುಗಿಯದ ದೋಣಿಯಲ್ಲಿ ಹೊರಟವನು. ಮುಂದೆ ಹೋಗಲು ದೋಣಿಗೆ ಶಕ್ತಿಯಿಲ್ಲ. ಸೋತು ಹಿಂದಿರುಗಲು ಅವನಿಗೆ ಧೈರ್ಯವಿಲ್ಲ. ಅಟ್ಲಾಂಟಿಕ್‌ನಲ್ಲಿಯೇ ಸುತ್ತುತ್ತ, ಭೂಮಿಯನ್ನು ಸುತ್ತುತ್ತಿರುವೆನೆಂದು ಸುಳ್ಳು ಸುದ್ದಿ ಕಳುಹಿಸುತ್ತ ಹೋದ. ೧೯೬೯ರ ಜುಲೈ ೧೦ರಂದು ಅವನ ದೋಣಿ ಬರಿದಾಗಿ ತೇಲುತ್ತಿದ್ದುದು ಸಿಕ್ಕಿತು. ಅವನು ಸಿಕ್ಕಲಿಲ್ಲ. ಅವನಿಗೂ ಹೆಂಡತಿ, ನಾಲ್ವರು ಮಕ್ಕಳು. ಇವನ ಪಕ್ಕದಲ್ಲಿಟ್ಟು ನೋಡಿದರೆ ಮ್ವಾತೆಸಿಯೆ ಇನ್ನೂ ಎತ್ತರವಾಗಿ ಕಾಣುತ್ತಾನೆ.

ಆದರೆ ಮರುದಿನ ಹಲ್ಲುಜ್ಜುತ್ತಿದ್ದಾಗ ಆ ಹುಡುಗಿಯ ಪ್ರಶ್ನೆ ಮತ್ತೆ ನೆನಪಾಯಿತು. ಕವಣೆಯಿಂದ ಹೊಡೆದ ಆ ಚೀಟಿ ಪತ್ರಿಕೆಯವರಿಗೆ. ಫ್ರಾನ್ಸ್ವಾಸ್‌ಳಿಗೆ? ಹಾರ್ನ್ ಭೂಶಿರದ ಚಳಿಯಲ್ಲಿ ಅವನ ಜೊತೆಗೆ ಹಗ್ಗ ಹಿಡಿದವಳು ಈಗ ತನ್ನ ಮಕ್ಕಳೊಡನೆ ಫ್ರಾನ್ಸಿನಲ್ಲಿ ಅವನ ದಾರಿ ನೋಡುತ್ತಿದ್ದಳು. ದೋಣಿಯಿಂದ ಇಳಿಸಿದ ಭಾರ ಮಾಯವಾಗುವುದಿಲ್ಲ. ದಡದಲ್ಲಿ ಯಾರೋ ಅದನ್ನು ಹೊರಬೇಕು. ಎಷ್ಟು ಹಗುರಾದೆ ಎಂಬುದನ್ನು ಹೋದವನು ಬರೆಯುತ್ತಾನೆ. ಎಷ್ಟು ಭಾರವಾಯಿತೆಂಬುದನ್ನು ಉಳಿದವರು ಬರೆಯುವುದು ಅಪರೂಪ. ಅವರಿಗೆ ಹಪ್ಪಳ ಎಣಿಸುವ ಕೆಲಸವಿರುತ್ತದೆ.

ಇಲ್ಲಿ ಮ್ವಾತೆಸಿಯೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಅವನು ಸುಳ್ಳು ಹೇಳಲಿಲ್ಲ. ಮನಸ್ಸು ಮುರಿದು ಮನೆಗೆ ಬಂದು, ಇಪ್ಪತ್ತು ವರ್ಷ ಮೌನವಾಗಿ ಕುಳಿತು, ಮನೆಯವರ ಮೇಲೆ ಅದರ ಸೇಡು ತೀರಿಸಿಕೊಳ್ಳುವ ಗಂಡಸರನ್ನು ನಾವೆಲ್ಲರೂ ಕಂಡಿದ್ದೇವೆ. ದೇಹ ಮನೆಯಲ್ಲಿದ್ದ ಮಾತ್ರಕ್ಕೆ ಮನುಷ್ಯ ಮನೆಯಲ್ಲಿದ್ದಾನೆಂದು ಹೇಳಲಾಗದು. ಹಾಗೆ ನೋಡಿದರೆ, ತನ್ನೊಳಗಿನದನ್ನು ಉಳಿಸಿಕೊಳ್ಳುವುದೂ ಒಂದು ಕರ್ತವ್ಯವೇ. ಈ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಅದು ಹೋಗುವುದಕ್ಕೆ ಸಮರ್ಥನೆಯಾದೀತೇ ಹೊರತು, ಹೇಳದೆ ಹೋಗುವುದಕ್ಕೆ ಆಗಲಾರದು.

ಅವನು ಹೋಗಿ ಸೇರಿದ ದ್ವೀಪಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಇದು ನನಗೆ ತಡವಾಗಿ ಹೊಳೆದ ಪ್ರಶ್ನೆ. ಯೂರೋಪಿನವರ ಪುಸ್ತಕಗಳಲ್ಲಿ ಪಾಲಿನೇಷ್ಯವೆಂದರೆ ಬಂಧನವಿಲ್ಲದ ನಾಡು. ಆದರೆ ಅಲ್ಲಿಯವರ ಪೂರ್ವಿಕರು ಅಲ್ಲಿಗೆ ಬಂದದ್ದು ಎಲ್ಲವನ್ನೂ ಬಿಟ್ಟಲ್ಲ, ಎಲ್ಲವನ್ನೂ ಹೊತ್ತು. ಜೋಡಿ ಒಡಲಿನ ದೊಡ್ಡ ದೋಣಿಗಳಲ್ಲಿ ಹೆಂಗಸರು, ಮಕ್ಕಳು, ಹಂದಿ, ಕೋಳಿ, ನಾಯಿ. ಕೆಸುವಿನ ಗೆಡ್ಡೆ, ದೀವಿಹಲಸಿನ ಸಸಿ, ತೆಂಗು, ಬಾಳೆ. ಊರನ್ನೇ ದೋಣಿಗೆ ತುಂಬಿಕೊಂಡು ಬಂದವರು ಅವರು. ಹೋಗಿ ಹಿಂದಿರುಗಿಯೂ ಬಂದವರು. ದಕ್ಷಿಣ ಅಮೆರಿಕದ ಗೆಣಸು ಯೂರೋಪಿನ ಹಡಗುಗಳು ಬರುವುದಕ್ಕೆ ಎಷ್ಟೋ ಮೊದಲೇ ಪಾಲಿನೇಷ್ಯದ ಹೊಲಗಳಲ್ಲಿ ಬೆಳೆಯುತ್ತಿತ್ತು. ಯಾರೋ ಹೋಗಿ, ಆ ಗೆಡ್ಡೆಯನ್ನು ಕಂಡು, ಮನೆಯವರಿಗಾಗಿ ತಂದಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಈ ಪೂರ್ವಿಕರು ಗಾಳಿಗೆ ಸಿಕ್ಕಿ ದಿಕ್ಕು ತಪ್ಪಿ ಬಂದವರೆಂದು ಕೆಲವರು ವಾದಿಸಿದ್ದುಂಟು. ೧೯೭೬ರಲ್ಲಿ ‘ಹೊಕುಲೆಯಾ’ ಎಂಬ ಜೋಡಿದೋಣಿ ಹವಾಯಿಯಿಂದ ಹೊರಟು, ಯಾವ ಉಪಕರಣವೂ ಇಲ್ಲದೆ, ನಕ್ಷತ್ರ ಮತ್ತು ಅಲೆಗಳ ಗುರುತಿನಿಂದಲೇ ಒಂದು ತಿಂಗಳ ಮೇಲೆ ಟಹೀಟಿಯನ್ನು ಮುಟ್ಟಿ ಆ ವಾದಕ್ಕೆ ಉತ್ತರ ಕೊಟ್ಟಿತು. ಅದಕ್ಕೆ ದಾರಿ ತೋರಿದವನು ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮಾವ್ ಪಿಯಾಯ್ಲುಗ್. ತನ್ನ ಅಜ್ಜನಿಂದ ಕಲಿತ ವಿದ್ಯೆಯನ್ನು ಅವನು ಬೇರೆ ದ್ವೀಪದ ಮಕ್ಕಳಿಗೂ ಹೇಳಿಕೊಟ್ಟ.

ದೋಣಿಯಲ್ಲಿ ಬರುವ ಇಂದಿನ ಪ್ರವಾಸಿಗೂ ಆ ದ್ವೀಪಗಳು ಮೊದಲು ಕಲಿಸುವುದು ಕೇಳುವುದನ್ನು. ಕಿನಾರೆಯ ತೆಂಗಿನ ಮರ ಯಾರ ಸೊತ್ತೂ ಅಲ್ಲವೆಂದು ಅವನಿಗೆ ತೋರುತ್ತದೆ. ಪ್ರತಿ ಮರಕ್ಕೂ ಒಡೆಯರಿದ್ದಾರೆ. ಹವಳದ ನೀರಿನ ಮೀನು ಒಂದು ಕಡೆ ಹಿಡಿದರೆ ಆಹಾರ, ಅದೇ ಜಾತಿಯ ಮೀನು ಇನ್ನೊಂದು ಕಡೆ ಹಿಡಿದರೆ ವಿಷ. ನೋಡಿ ಹೇಳಲು ಬರುವುದಿಲ್ಲ; ಬೇಯಿಸಿದರೂ ಹೋಗುವುದಿಲ್ಲ. ಎಷ್ಟೇ ಸನ್ನಾಹ ಮಾಡಿಕೊಂಡು ಬಂದವನಾದರೂ ಅಲ್ಲಿಯ ಬೆಸ್ತನನ್ನು ಕೇಳಲೇಬೇಕು. ಕುಕ್ ದ್ವೀಪಗಳಲ್ಲಿ ಪಾಮರ್‌ಸ್ಟನ್ ಎಂಬ ಪುಟ್ಟ ಹವಳದ್ವೀಪವಿದೆ. ೧೮೬೩ರಲ್ಲಿ ನೆಲೆಸಿದ ವಿಲಿಯಮ್ ಮಾರ್‌ಸ್ಟರ್ಸ್ ಎಂಬುವನ ಸಂತತಿಯವರು ಅಲ್ಲಿದ್ದಾರೆ. ಸಾಮಾನು ತರುವ ಹಡಗು ಬರುವುದೇ ವರ್ಷಕ್ಕೆ ಕೆಲವು ಸಲ. ಹಾಯಿದೋಣಿಯೊಂದು ದೂರದಲ್ಲಿ ಕಂಡರೆ ಯಾವ ಮನೆಯವರು ಮೊದಲು ಹೋಗಿ ಅದನ್ನು ತಲುಪುತ್ತಾರೋ ಅವರೇ ಆ ಪ್ರವಾಸಿಗಳಿಗೆ ಆತಿಥೇಯರು. ಅವರು ಇರುವಷ್ಟು ದಿನವೂ ಊಟ ಅವರ ಮನೆಯಲ್ಲಿ. ಪ್ರತಿಯಾಗಿ ಬಂದವರು ಕೆಟ್ಟ ಯಂತ್ರ ರಿಪೇರಿ ಮಾಡುವುದೋ, ತಂದ ಹಿಟ್ಟು ಸಕ್ಕರೆ ಹಂಚಿಕೊಳ್ಳುವುದೋ ಉಂಟು.

ಒಂಟಿತನವನ್ನೇ ಬಯಸಿ ಹೋದವರಿಗೂ ಇದು ತಪ್ಪಲಿಲ್ಲ. ಟಾಮ್ ನೀಲ್ ಎಂಬ ನ್ಯೂಜಿಲೆಂಡಿನವನು ೧೯೫೨ರಲ್ಲಿ ಸುವಾರೊ ಎಂಬ ನಿರ್ಜನ ದ್ವೀಪಕ್ಕೆ ಹೋಗಿ ಒಬ್ಬನೇ ವಾಸಮಾಡಿದ. ೧೯೫೪ರಲ್ಲಿ ಒಂದು ದಿನ ಲಂಗರನ್ನು ಎಸೆಯುವಾಗ ಬೆನ್ನು ಹಿಡಿದುಕೊಂಡು, ಹೇಗೋ ಗುಡಿಸಲಿಗೆ ಬಂದು, ಏಳಲಾರದೆ ದಿನಗಟ್ಟಲೆ ಬಿದ್ದಿದ್ದ. ಅವನನ್ನು ಉಳಿಸಿದ್ದು ಆಕಸ್ಮಿಕವಾಗಿ ಬಂದ ಒಂದು ಹಾಯಿದೋಣಿಯ ಇಬ್ಬರು ತರುಣರು. ಅವನು ಮತ್ತೆ ಎರಡು ಸಲ ಅದೇ ದ್ವೀಪಕ್ಕೆ ಹೋದ, ನಿಜ. ಆದರೆ ಯಾರೂ ಬೇಡವೆಂದು ಹೋದವನು ಬದುಕಿ ಪುಸ್ತಕ ಬರೆದದ್ದು ಯಾರೋ ಬಂದುದರಿಂದ.

‘ದೂರ’ ಎಂಬ ಮಾತಿನಲ್ಲಿಯೇ ಒಂದು ಮೋಸವಿದೆ. ಯಾರಿಗೆ ದೂರ? ಪ್ಯಾರಿಸಿಗೆ ದೂರವಾಗಿದ್ದುದರಿಂದಲೇ ಮೊರುರೋವಾ ಮತ್ತು ಫಾಂಗಟೌಫಾ ಎಂಬ ಹವಳದ್ವೀಪಗಳಲ್ಲಿ ೧೯೬೬ರಿಂದ ೧೯೯೬ರವರೆಗೆ ಫ್ರಾನ್ಸ್ ೧೯೩ ಸಲ ಅಣುಬಾಂಬಿನ ಪರೀಕ್ಷೆ ನಡೆಸಿತು. ಅಲ್ಲಿ ಮೀನು ಹಿಡಿಯುವವನಿಗೆ ಅದು ದೂರವಾಗಿರಲಿಲ್ಲ. ಅದು ಅವನ ಹಿತ್ತಿಲು. ತನ್ನ ಕಣ್ಣಿಗೆ ದೂರವಾದದ್ದರ ಮೇಲೆ ತನ್ನ ಭಾರವನ್ನು ಇಳಿಸುವುದು ರಾಷ್ಟ್ರಗಳಿಗೂ ಇರುವ ಅಭ್ಯಾಸ. ಮನೆ ಬಿಟ್ಟ ಮನುಷ್ಯ ಮಾಡುವುದೂ ಸಣ್ಣ ಪ್ರಮಾಣದಲ್ಲಿ ಅದನ್ನೇ ಅಲ್ಲವೇ? ಅವನಿಗೆ ಮನೆಯೇ ದೂರವಾಗಿಬಿಡುತ್ತದೆ.

ಸಂತೋಷದ ಸಂಗತಿಯೆಂದರೆ, ಆ ಪರೀಕ್ಷೆಗಳನ್ನು ವಿರೋಧಿಸಿದವರಲ್ಲಿ ಮ್ವಾತೆಸಿಯೆಯೂ ಒಬ್ಬ. ಎಪ್ಪತ್ತರ ದಶಕದಲ್ಲಿ ಅವನು ಟುವಮೋಟುವಿನ ಅಹೆ ಎಂಬ ಹವಳದ್ವೀಪದಲ್ಲಿ ಹೊಸ ಸಂಗಾತಿ, ಪುಟ್ಟ ಮಗ ಇವರೊಡನೆ ನೆಲೆಸಿದ. ಹವಳದ ನುಚ್ಚಿನಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ. ಅವನು ಹೊರಗಿನಿಂದ ಮಣ್ಣು ತಂದ, ಗೊಬ್ಬರ ಮಾಡಿದ, ಗಿಡ ನೆಟ್ಟ. ಮುಂದೆ ಫ್ರಾನ್ಸಿನ ಪಟ್ಟಣಗಳ ಬೀದಿಗಳಲ್ಲಿ ಎಲ್ಲರಿಗೂ ದಕ್ಕುವಂತೆ ಹಣ್ಣಿನ ಮರಗಳನ್ನು ನೆಡಬೇಕೆಂದು ನಗರಾಧ್ಯಕ್ಷರಿಗೆ ಪತ್ರ ಬರೆದ. ಹಗುರಾಗಲೆಂದು ದೋಣಿಯಿಂದ ಎಲ್ಲವನ್ನೂ ಎಸೆದವನು ಕೊನೆಗೆ ಬುಟ್ಟಿಯಲ್ಲಿ ಮಣ್ಣು ಹೊತ್ತ. ಅದನ್ನು ಓದಿದಾಗ ಅವನ ಮೇಲಿದ್ದ ನನ್ನ ಸಿಟ್ಟು ಇಳಿಯಿತು. ಫ್ರಾನ್ಸ್ವಾಸ್‌ಳ ಲೆಕ್ಕ ಮಾತ್ರ ಅದರಿಂದ ಚುಕ್ತವಾಯಿತೆಂದು ನಾನು ಹೇಳಲಾರೆ. ಒಬ್ಬರಿಗೆ ಇಳಿಸಿದ ಭಾರವನ್ನು ಇನ್ನೊಬ್ಬರಿಗಾಗಿ ಹೊತ್ತರೆ ಪುಣ್ಯ ಬಂದೀತು, ಸಾಲ ತೀರದು.

ಆ ಪಂದ್ಯವನ್ನು ಪೂರೈಸಿದವನು ಒಬ್ಬನೇ: ರಾಬಿನ್ ನಾಕ್ಸ್‌ಜಾನ್‌ಸ್ಟನ್. ಅವನ ‘ಸುಹೈಲಿ’ ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ೩೨ ಅಡಿಯ ದೋಣಿ. ೩೧೨ ದಿನಗಳ ಮೇಲೆ, ೧೯೬೯ರ ಏಪ್ರಿಲ್ ೨೨ರಂದು, ಹೊರಟಲ್ಲಿಗೇ ಬಂದು ಸೇರಿದ. ಬೇರೆ ಯಾರೂ ಬಾರದ್ದರಿಂದ ಶೀಘ್ರ ಯಾನದ ೫೦೦೦ ಪೌಂಡೂ ಅವನಿಗೇ ಬಂತು. ಆ ಹಣವನ್ನು ಅವನು ಸತ್ತ ಕ್ರೌಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ. ಮ್ವಾತೆಸಿಯೆ ಬಹುಮಾನಕ್ಕೆ ಬೆನ್ನು ತಿರುಗಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬಹುಮಾನವನ್ನು ಕೈಯಲ್ಲಿ ಹಿಡಿದು, ಯಾರ ಮನೆಯಲ್ಲಿ ಭಾರ ಹೆಚ್ಚಾಗಿದೆಯೆಂದು ನೋಡಿ ಅಲ್ಲಿಗೆ ಒಯ್ದವನ ಕಥೆ ಅಷ್ಟು ಪ್ರಸಿದ್ಧವಲ್ಲ. ಎರಡರಲ್ಲಿ ಯಾವುದು ದೊಡ್ಡ ತ್ಯಾಗವೆಂದು ಮೊದಲಾದರೆ ನಾನು ಯೋಚಿಸದೆಯೇ ಹೇಳಿಬಿಡುತ್ತಿದ್ದೆ.

ನಮ್ಮ ಹಿರಿಯರಿಗೂ ಈ ಸೂಕ್ಷ್ಮ ತಿಳಿದಿತ್ತು. ಬೃಹದಾರಣ್ಯಕದ ಯಾಜ್ಞವಲ್ಕ್ಯ ಮನೆ ಬಿಡುವ ಮುನ್ನ ಮೈತ್ರೇಯಿಯನ್ನು ಕರೆದು, “ನಾನು ಹೊರಡುತ್ತೇನೆ, ನಿನಗೂ ಕಾತ್ಯಾಯನಿಗೂ ಪಾಲು ಮಾಡಿಕೊಡುತ್ತೇನೆ” ಎನ್ನುತ್ತಾನೆ. ಮೈತ್ರೇಯಿಯ ಪ್ರಶ್ನೆಯಿಂದ ಹುಟ್ಟಿದ ತತ್ತ್ವವನ್ನು ನಾವು ಹೊಗಳುತ್ತೇವೆ. ಅದಕ್ಕೆ ಮೊದಲಿನ ಆ ಸಾಂಸಾರಿಕ ವಾಕ್ಯವನ್ನು ಗಮನಿಸುವುದಿಲ್ಲ. ಶಂಕರರು ತಾಯಿಯ ಅಪ್ಪಣೆ ಪಡೆದೇ ಹೊರಟರೆಂದು ಸಂಪ್ರದಾಯ ಹೇಳುತ್ತದೆ. ಸಿದ್ಧಾರ್ಥ ನಟ್ಟಿರುಳಿನಲ್ಲಿ ಹೇಳದೆ ಹೋದ. ಆದರೆ ಬುದ್ಧನಾಗಿ ಕಪಿಲವಸ್ತುವಿಗೆ ಬಂದು ಉಳಿದವರ ಮುಖವನ್ನು ನೋಡಿದ. ಹೇಳಿ ಹೋಗಬೇಕು, ಇಲ್ಲವೇ ಬಂದು ಮುಖ ತೋರಿಸಬೇಕು. ಎರಡನ್ನೂ ಮಾಡದವನ ವೈರಾಗ್ಯವನ್ನು ಪರೀಕ್ಷಿಸುವವರು ಯಾರು?

ಹಾಯಿದೋಣಿಯವರಲ್ಲಿ ಒಂದು ಒಳ್ಳೆಯ ರೂಢಿಯಿದೆ. ಹೊರಡುವಾಗ ದಡದಲ್ಲಿ ನಂಬಿಕೆಯ ಒಬ್ಬರ ಕೈಗೆ ಒಂದು ಕಾಗದ ಕೊಟ್ಟು ಹೋಗುತ್ತಾರೆ. ಯಾವ ದಾರಿ, ಎಷ್ಟು ದಿನ, ದೋಣಿಯ ಒಡಲಿನ ಬಣ್ಣ ಯಾವುದು, ಯಾವ ದಿನದೊಳಗೆ ಸುದ್ದಿ ಬಾರದಿದ್ದರೆ ಹುಡುಕಿಸಬೇಕು, ಇಷ್ಟು. ಹಗ್ಗ ಬಿಚ್ಚುವ ಮೊದಲಿನ ಕೊನೆಯ ಕೆಲಸ ಇದು. ಅದರಿಂದ ದೋಣಿಯ ತೂಕ ಹೆಚ್ಚುವುದಿಲ್ಲ.

ಕಳೆದ ದೀಪಾವಳಿಗೆ ಅತ್ತೆಯನ್ನು ನೋಡಲು ಹೋಗಿದ್ದೆ. ಮಕ್ಕಳು ಇಬ್ಬರೂ ನೆಲೆ ಕಂಡಿದ್ದಾರೆ. ಹಪ್ಪಳದ ಕೆಲಸ ನಿಂತು ಎಷ್ಟೋ ವರ್ಷವಾಯಿತು. ಮೂವತ್ತು ವರ್ಷದಿಂದ ಕೇಳಬೇಕೆಂದಿದ್ದುದನ್ನು ಅಂದು ಹೇಗೋ ಕೇಳಿಬಿಟ್ಟೆ: “ಅತ್ತೆ, ಮಾವನ ಮೇಲೆ ನಿಮಗೆ ಕೋಪವಿಲ್ಲವೇ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೋದದ್ದಕ್ಕೆ ಕೋಪವಿಲ್ಲಪ್ಪ. ಅವರ ಮನಸ್ಸು ಇಲ್ಲಿರಲಿಲ್ಲ ಅನ್ನೋದು ನನಗೆ ಅವರಿಗಿಂತ ಮೊದಲೇ ಗೊತ್ತಿತ್ತು. ಹೇಳಿದ್ದರೆ ದಾರಿಗೆ ಬುತ್ತಿ ಕಟ್ಟಿ ಕೊಡುತ್ತಿದ್ದೆ. ಟ್ರಂಕಿನ ಬೀಗದ ಕೈ ಅವರ ಜೇಬಿನಲ್ಲೇ ಹೋಯಿತು ನೋಡು. ಮನೆ ಪತ್ರ, ಹುಡುಗರ ಜನನಪತ್ರ ಎಲ್ಲ ಅದರಲ್ಲಿತ್ತು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ಒಂದು ವರ್ಷ ಬೀಗ ಒಡೆಸಲಿಲ್ಲ. ಒಡೆಸಿದ ದಿನ ಅತ್ತೆ. ಆಮೇಲೆ ಅಳಲಿಲ್ಲ” ಎಂದರು. ಆಮೇಲೆ, “ಕಾಫಿ ಕುಡೀತೀಯಾ?” ಎಂದು ಎದ್ದು ಹೋದರು.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಎರಡು ವರ್ಷದಿಂದ ರಾತ್ರಿಯೆಲ್ಲ ನಾನು ಓದುತ್ತಿದ್ದುದು ಬರಿಯ ಕುತೂಹಲದಿಂದಲ್ಲ. ಮ್ವಾತೆಸಿಯೆ ತಿರುಗಿಸಿದ ಚುಕ್ಕಾಣಿಯನ್ನು ಕಂಡು ನಾನು ಹಿಗ್ಗಿದ್ದು, ನನ್ನ ಮನೆಯ ಶುಲ್ಕ, ಔಷಧಿ, ಬಾಡಿಗೆಗಳಿಂದ ನಾನೂ ಹಾಗೆ ತಿರುಗಬಾರದೇ ಎಂಬ ಒಳಗಿನ ಆಸೆಯಿಂದ. ಆ ಆಸೆ ಇಂದೂ ಇದೆ, ಇಲ್ಲವೆಂದರೆ ಸುಳ್ಳಾದೀತು. ಆಸೆ ಇರುವುದು ತಪ್ಪೆಂದೂ ನನಗೆ ತೋರುವುದಿಲ್ಲ. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿಲ್ಲವೆಂಬುದೇ ತಪ್ಪು. ಆ ರಾತ್ರಿ ಹೆಂಡತಿ ಎಂದಿನಂತೆ, “ಎಲ್ಲಿಯತನಕ ಬಂತು ಹಡಗು?” ಎಂದಾಗ ನಾನು ಪುಸ್ತಕ ಮುಚ್ಚಿ, ಇದನ್ನೆಲ್ಲ ಹೇಳಿದೆ. ಆಕೆ ನಗಲಿಲ್ಲ. ಕೊನೆಗೆ, “ನನಗೂ ಒಮ್ಮೊಮ್ಮೆ ಹಾಗನ್ನಿಸುತ್ತೆ. ನೀವು ಯಾವತ್ತು ಕೇಳಿದ್ದೀರಿ?” ಎಂದಳು. ಈ ಉತ್ತರ ನನ್ನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಪ್ರಶ್ನೆ ಕೇಳಿದ ಹುಡುಗಿ ಪದವಿ ಮುಗಿಸಿ ಹೋಗಿದ್ದಾಳೆ. ಮುಂದಿನ ಜುಲೈಗೆ ಅದೇ ಪದ್ಯ ಮತ್ತೆ ಪಾಠಕ್ಕೆ ಬರುತ್ತದೆ. ತರಗತಿಯಲ್ಲಿ ಯಾರೂ ಆ ಪ್ರಶ್ನೆಯನ್ನು ಕೇಳದಿದ್ದರೆ ಈ ಸಲ ನಾನೇ ಕೇಳಬೇಕೆಂದಿದ್ದೇನೆ.